ಬುರುಲ್ಚಾಳ ಸಾಕ್ಷಿ ಘಾಟಿ ದಾಟಿದ್ದು

ಎರಡನೇ ಸಲವೂ ಕೋರ್ಟಿಗೆ ಹೋಗಿ ಸುಮ್ಮನೆ ವಾಪಸು ಬಂದ ದಿನ ಬುರುಲ್ಚಾ ಕಾಲಿನ ಬೂಟು ಕಳಚಿ ಒಲೆಯ ಪಕ್ಕಕ್ಕೆ ಎಸೆದಳು.

"ಇನ್ನೊಂದು ಸಲ ನಾನು ಆ ಕೋರ್ಟಿನ ಮೆಟ್ಟಿಲು ಹತ್ತಿದ್ರೆ ಕೇಳು," ಎಂದಳು ಗಂಡನಿಗೆ. "ಕದ್ದೋನು ಯಾರೋ, ಸಿಕ್ಕಿಹಾಕ್ಕೊಂಡೋನು ಯಾರೋ. ವ್ಯಾನಲ್ಲಿ ಕುಲುಕಾಡಿ ಸೊಂಟ ಮುರ್ಕೊಳ್ಳೋಳು ಮಾತ್ರ ನಾನು."

"ಮೊದ್ಲು ಚಹಾ ಕುಡಿ ಮುದುಕಿ," ಎಂದ ಸಾಪಾರ್. "ಸಿಟ್ಟು ಎಲ್ಲಿಗೂ ಓಡಿಹೋಗಲ್ಲ, ಆಮೇಲೂ ಮಾಡ್ಕೋಬಹುದು."

ಅವಳ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಕಿರ್ಗಿಜ್ ದೇಶದ ಬೆಟ್ಟಗಳ ನಡುವಿನ ಸಾರೀ-ಬೆಲ್ ಎಂಬ ಆ ಹಳ್ಳಿಯಿಂದ ದೊಡ್ಡ ಕೋರ್ಟು ಇರುವ ನಗರಕ್ಕೆ ಹೋಗಬೇಕೆಂದರೆ ಘಾಟಿ ಹತ್ತಿ ಇಳಿಯಬೇಕು. ವ್ಯಾನಿನಲ್ಲಿ ಏಳು ಗಂಟೆ. ಹೋದ ದಿನ ಯಾರದಾದರೂ ಮನೆಯಲ್ಲಿ ಉಳಿಯಬೇಕು. ಮೊದಲ ಸಲ ಹೋದಾಗ ನ್ಯಾಯಾಧೀಶರಿಗೆ ಹುಷಾರಿರಲಿಲ್ಲ. ಎರಡನೇ ಸಲ ಜೈಲಿನಿಂದ ಕೈದಿಯನ್ನು ಕರೆತರುವ ಪೊಲೀಸ್ ವ್ಯಾನು ಹಿಂದಿನ ದಿನವೇ ದಾರಿಯಲ್ಲಿ ಕೆಟ್ಟು ನಿಂತಿತ್ತು. ಎರಡು ಸಲವೂ ಸಂಜೆಯ ತನಕ ಬೆಂಚಿನ ಮೇಲೆ ಕುಳಿತು, "ವಾಯಿದೆ ಹಾಕಿದ್ದಾರೆ, ಹೋಗಿ ಬನ್ನಿ" ಎಂಬ ಮಾತು ಕೇಳಿಕೊಂಡು ಬಂದಿದ್ದಳು. ಇತ್ತ ಮನೆಯಲ್ಲಿ ಹಸು ಪಕ್ಕದವಳ ಕೈಗೆ ಹಾಲು ಕೊಡದೆ ಬಕೆಟ್ಟು ಒದ್ದು, ಕೆಚ್ಚಲು ಬಾವು ಬಂದು ನಿಂತಿತ್ತು.

ಅಷ್ಟಕ್ಕೂ ಅವಳು ಹೇಳಬೇಕಾಗಿದ್ದ ಸಾಕ್ಷಿ ಐದು ನಿಮಿಷದ್ದು.

ಬೇಸಿಗೆಯಲ್ಲಿ ಬುರುಲ್ಚಾ ಮತ್ತು ಸಾಪಾರ್ ಕುದುರೆಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುತ್ತಾರೆ. ರಸ್ತೆ ಬದಿಯಲ್ಲಿ ಕಂಬಳಿ ಡೇರೆ ಹಾಕಿ, ಹೋಗಿಬರುವ ಲಾರಿಯವರಿಗೆ ಕಿಮಿಜ್ ಮಾರುತ್ತಾರೆ. ಹುದುಗು ಬಂದ ಕುದುರೆ ಹಾಲು ಅದು. ಬುರುಲ್ಚಾಳ ಕೈಯ ಕಿಮಿಜ್ ಎಂದರೆ ಆ ರಸ್ತೆಯಲ್ಲಿ ಹೆಸರುವಾಸಿ. ಆಗಸ್ಟ್ ಕೊನೆಯ ವಾರದ ಒಂದು ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನೀಲಿ ಲಾರಿಯೊಂದು ಬುಸುಗುಡುತ್ತ ಅವಳ ಡೇರೆಯ ಮುಂದೆ ನಿಂತಿತು. ರೇಡಿಯೇಟರಿನ ಪೈಪು ಒಡೆದಿತ್ತು. ಡ್ರೈವರ್ ಮೆದೆರ್ ಎಂಬ ಮೂವತ್ತರ ಆಸುಪಾಸಿನ ಯುವಕ. ಹಳೆ ಟ್ಯೂಬು ಕತ್ತರಿಸಿ ಕಟ್ಟಿದ, ಸೋರಿತು. ತಂತಿ ಬಿಗಿದ, ಸೋರಿತು. ಹೊತ್ತು ಮುಳುಗುವ ತನಕ ಅಲ್ಲೇ ಇದ್ದು, ಕೊನೆಗೆ ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನೀರು ಸುರಿದುಕೊಂಡಾದರೂ ಹೋಗುತ್ತೇನೆಂದು ಹೊರಟ.

ಅದೇ ಮಧ್ಯಾಹ್ನ ಘಾಟಿಯ ಆಚೆ ಬದಿಯಲ್ಲಿ ಯಾರೋ ಎರಡು ಹೆಣ್ಣು ಕುದುರೆಗಳನ್ನು ನೀಲಿ ಲಾರಿಗೆ ಏರಿಸಿಕೊಂಡು ಹೋದರು. ವಾರದ ನಂತರ ಪೊಲೀಸರು ಮೆದೆರನನ್ನು ಹಿಡಿದರು. ಅವನ ಲಾರಿ ನೀಲಿ, ಆ ದಿನ ಆ ರಸ್ತೆಯಲ್ಲಿ ಓಡಾಡಿದವನೂ ಅವನೇ. "ನಾನು ಕಿಮಿಜ್ ಮಾರೋ ಹೆಂಗಸಿನ ಡೇರೆ ಹತ್ರ ಇದ್ದೆ" ಎಂದು ಅವನು ಎಷ್ಟು ಹೇಳಿದರೂ ತನಿಖೆಯವರು ಬುರುಲ್ಚಾಳಿಗೆ ಒಂದು ಫೋನು ಮಾಡಿ, "ತಾರೀಖು ನೆನಪಿದೆಯಾ?" ಎಂದು ಕೇಳಿದರು. "ತಾರೀಖು ಯಾರಿಗಪ್ಪಾ ಗೊತ್ತು, ಕಿಮಿಜ್ ಕಮ್ಮಿ ಆಗ್ತಾ ಬಂದಿತ್ತು" ಎಂದಿದ್ದಳು ಅವಳು. ಅಷ್ಟಕ್ಕೇ ಫೋನು ಇಟ್ಟರು. ಆಮೇಲೆ ಅವಳನ್ನು ಸಾಕ್ಷಿಯಾಗಿ ಕರೆಸಿದ್ದು ಮೆದೆರನ ವಕೀಲರು. ಮೆದೆರ್ ಮೂರು ತಿಂಗಳಿನಿಂದ ಜೈಲಿನಲ್ಲಿದ್ದ.

ಡಿಸೆಂಬರ್ ಮೊದಲ ಭಾನುವಾರ ಅವನ ಹೆಂಡತಿ ಕುಂದುಜ್ ನಗರದಿಂದ ಘಾಟಿ ದಾಟಿ ಬುರುಲ್ಚಾಳ ಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಎರಡು ರೊಟ್ಟಿ, ಸ್ವಲ್ಪ ಒಣ ಏಪ್ರಿಕಾಟ್.

"ಎಜೆ," ಎಂದಳು. ಅಲ್ಲಿ ಅಕ್ಕನ ಸಮಾನರಾದವರನ್ನು ಹಾಗೇ ಕರೆಯುವುದು. "ಗುರುವಾರ ಮತ್ತೆ ವಿಚಾರಣೆ ಇದೆ. ನೀವು ಬರ್ದಿದ್ರೆ ಹೊಸ ವರ್ಷ ಕಳೆದ ಮೇಲೇನೇ ಅಂತ ವಕೀಲರು ಹೇಳಿದ್ರು. ಮಗಳು ದಿನಾ ಕೇಳ್ತಾಳೆ, ಅಪ್ಪ ಯಾವ ಊರಿಗೆ ಲೋಡು ತಗೊಂಡು ಹೋಗಿದ್ದಾನೆ ಅಂತ. ನಾನು ದಿನಕ್ಕೊಂದು ಊರಿನ ಹೆಸರು ಹೇಳ್ತಾ ಇದೀನಿ. ಊರುಗಳು ಮುಗಿದ್ಹೋದ್ವು ಎಜೆ."

ಬುರುಲ್ಚಾ ಅವಳನ್ನು ಒಳಗೆ ಕರೆದು, ಕೋಟು ಬಿಚ್ಚಿಸಿ, ಒಲೆಯ ಹತ್ತಿರ ಕೂರಿಸಿದಳು. ಎರಡು ಬಟ್ಟಲು ಚಹಾ ಕುಡಿಸಿದಳು. ಆಮೇಲೆ, "ಬರ್ತೀನಿ," ಎಂದಳು. "ಬೈಕೊಂಡೇ ಬರ್ತೀನಿ. ಆದ್ರೆ ಬರ್ತೀನಿ."

ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ತೆಗೆಯಲಾಗುತ್ತಿಲ್ಲ. ಮೊಣಕಾಲುದ್ದ ಹಿಮ. ಘಾಟಿಯಲ್ಲಿ ಎರಡು ಕಡೆ ಹಿಮ ಕುಸಿದು ರಸ್ತೆ ಬಂದ್ ಆಗಿದೆ, ತೆಗೆಯಲು ವಾರವಾದರೂ ಬೇಕು ಎಂದು ರೇಡಿಯೊ ಹೇಳಿತು. ಕುಂದುಜ್ ಕಿಟಕಿಯ ಪಕ್ಕ ನಿಂತು ಬೆಟ್ಟವನ್ನೇ ನೋಡುತ್ತಿದ್ದಳು. ಅವಳು ಅಳಲಿಲ್ಲ. ಅತ್ತಿದ್ದರೆ ಬುರುಲ್ಚಾಳಿಗೆ ಸಮಾಧಾನ ಹೇಳಲು ಏನಾದರೂ ತೋಚುತ್ತಿತ್ತು.

ಮಂಗಳವಾರ ಜಿಪಾರ್ ಬಂದಳು. ಹಳ್ಳಿಯ ಕಚೇರಿಯಲ್ಲಿ ಗುಮಾಸ್ತೆ. ಪಿಂಚಣಿ ಅರ್ಜಿ, ಹುಟ್ಟಿದ ದಾಖಲೆ ಎಲ್ಲಕ್ಕೂ ಊರಿನವರು ಹಿಡಿಯುವುದು ಅವಳನ್ನೇ. ಹಿಮ ಬಿದ್ದಾಗ ಮನೆಮನೆಗೆ ಹೋಗಿ ಸೌದೆ, ಔಷಧಿ ಇದೆಯೇ ಎಂದು ವಿಚಾರಿಸುವುದು ಅವಳ ಅಭ್ಯಾಸ. ಕುಂದುಜ್‌ಳ ಮುಖ ನೋಡಿ, ವಿಷಯ ಕೇಳಿ, ಜಿಪಾರ್ ಕೈಗವಸು ತೆಗೆದು ಕುಳಿತಳು.

"ಇದಕ್ಕೆ ನಗರಕ್ಕೆ ಯಾಕೆ ಹೋಗ್ಬೇಕು? ನಮ್ಮ ತಾಲ್ಲೂಕು ಕೋರ್ಟಿನಲ್ಲೇ ಕೂತು ಹೇಳ್ಬಹುದಲ್ಲ. ಅಲ್ಲಿ ವಿಡಿಯೊ ಇಟ್ಟಿದ್ದಾರೆ. ನೀವು ಇಲ್ಲಿ ಮಾತಾಡಿದ್ರೆ ಆ ಕಡೆ ನ್ಯಾಯಾಧೀಶರಿಗೆ ಮುಖಾನೂ ಕಾಣುತ್ತೆ, ಮಾತೂ ಕೇಳುತ್ತೆ."

ತಾಲ್ಲೂಕು ಊರು ಕೆಳಗೆ ಕಣಿವೆಯಲ್ಲಿ, ಅರ್ಧ ಗಂಟೆಯ ದಾರಿ. ಆ ರಸ್ತೆಯಲ್ಲಿ ಹಿಮ ಆಗಲೇ ತೆಗೆದಿದ್ದರು.

ಬುರುಲ್ಚಾ ನಕ್ಕೇಬಿಟ್ಟಳು. "ಪೆಟ್ಟಿಗೆ ಮುಂದೆ ಕೂತು ಸಾಕ್ಷಿ ಹೇಳೋದಾ? ನಾನೇನು ಟಿವೀಲಿ ಹವಾಮಾನ ಓದೋಳೇನೆ?"

"ನಗಬೇಡಿ ಎಜೆ. ಅದೂ ಕೋರ್ಟೇ. ಪ್ರಮಾಣ ಮಾಡ್ಬೇಕು, ಸುಳ್ಳು ಹೇಳಿದ್ರೆ ಅದೇ ಶಿಕ್ಷೆ."

"ನನ್ನ ಕಣ್ಣು ನೋಡದೆ ಆ ನ್ಯಾಯಾಧೀಶರು ನನ್ನ ಹೇಗೆ ನಂಬ್ತಾರೆ?"

"ಕೋರ್ಟಿನ ಹಾಲಲ್ಲಿ ನೀವು ಅವರಿಂದ ಹತ್ತು ಮಾರು ದೂರ ನಿಲ್ತೀರಿ. ಇಲ್ಲಿ ನಿಮ್ಮ ಮುಖ ಪರದೆ ತುಂಬ ಇರುತ್ತೆ. ನಿಮ್ಮ ಕಣ್ಣು ಅವರಿಗೆ ಇನ್ನೂ ಚೆನ್ನಾಗೇ ಕಾಣುತ್ತೆ."

"ಮಧ್ಯದಲ್ಲಿ ಯಾರಾದ್ರೂ ನನ್ನ ಮಾತು ಕದ್ದು ಬೇರೆ ಸೇರಿಸಿಬಿಟ್ರೆ? ಹೋದ ವರ್ಷ ನಮ್ಮ ಮಾವನ ಮಗಳಿಗೆ ಪೊಲೀಸ್ ಅಂತ ಫೋನು ಮಾಡಿ ಬ್ಯಾಂಕಿನಲ್ಲಿದ್ದದ್ದೆಲ್ಲ ಗುಡಿಸಿಕೊಂಡು ಹೋದ್ರು. ನೀನೇ ಎಲ್ಲರಿಗೂ ಹೇಳಿದ್ದೆ, ಗೊತ್ತಿಲ್ಲದ ನಂಬರು ನಂಬಬೇಡಿ ಅಂತ."

"ಹೇಳಿದ್ದೆ, ಈಗಲೂ ಹೇಳ್ತೀನಿ. ಅದಕ್ಕೇ ಮನೆಯಲ್ಲಿ ಕೂತು ಯಾರದೋ ಫೋನಿಗೆ ಮಾತಾಡಬೇಡಿ ಅಂತೀನಿ. ಸರ್ಕಾರಿ ಕೋರ್ಟಿನ ಬಾಗಿಲು ದಾಟಿ ಒಳಗೆ ಹೋಗ್ತೀರಿ. ಗುಮಾಸ್ತರು ನಿಮ್ಮ ಗುರುತಿನ ಚೀಟಿ ನೋಡ್ತಾರೆ. ಕಳ್ಳರಿಗೂ ಕೋರ್ಟಿಗೂ ವ್ಯತ್ಯಾಸ ಇಷ್ಟೇ: ಕೋರ್ಟಿನೋರು ಫೋನಿನಲ್ಲಿ ದುಡ್ಡು ಕೇಳಲ್ಲ, ಗುಟ್ಟಿನ ನಂಬರು ಕೇಳಲ್ಲ. ಬಾ, ಬಂದು ಹೇಳು ಅಂತಾರೆ ಅಷ್ಟೆ." ಜಿಪಾರ್ ಸಾಪಾರ್‌ನ ಕಡೆ ತಿರುಗಿದಳು. ಅವನನ್ನು ಅವಳು ಬಾಯ್ಕೆ ಎನ್ನುತ್ತಾಳೆ, ಅಣ್ಣ ಎಂದ ಹಾಗೆ. "ಅದಿರಲಿ ಬಾಯ್ಕೆ, ಎರಡನೇ ಸಲ ವಾಯಿದೆ ಹಾಕಿದ್ದಕ್ಕೆ ನಿಮಗೆ ಮೆಸೇಜು ಬರಲಿಲ್ವಾ? ಸಾಕ್ಷಿಗಳಿಗೆ ಕಳಿಸ್ತಾರಲ್ಲ."

ಸಾಪಾರ್ ಕೆಮ್ಮಿದ.

"ಯಾವ ಮೆಸೇಜು?" ಎಂದಳು ಬುರುಲ್ಚಾ.

"ಏನೋ ಒಂದು ಬಂದಿತ್ತು," ಎಂದ ಸಾಪಾರ್. "ಕೋರ್ಟು ಗೀರ್ಟು ಅಂತಿತ್ತು. ನಾನು ಮೋಸದ್ದಿರ್ಬೇಕು ಅಂತ ಓದದೆ ಬಿಟ್ಟೆ."

ಜಿಪಾರ್ ಫೋನು ಇಸಿದುಕೊಂಡು ಹುಡುಕಿ ಜೋರಾಗಿ ಓದಿದಳು. ಅದರಲ್ಲಿ ಸ್ಪಷ್ಟವಾಗಿತ್ತು: ನಾಳಿನ ವಿಚಾರಣೆ ಮುಂದಕ್ಕೆ ಹೋಗಿದೆ, ಸಾಕ್ಷಿಗಳು ಬರುವ ಅಗತ್ಯವಿಲ್ಲ, ಅನುಮಾನವಿದ್ದರೆ ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಕೇಳಿ. ಬಂದದ್ದು ಬುರುಲ್ಚಾ ವ್ಯಾನು ಹತ್ತುವ ಹಿಂದಿನ ಸಂಜೆ.

ಬುರುಲ್ಚಾ ಗಂಡನನ್ನು ನೋಡಿದ ನೋಟಕ್ಕೆ ಕುಂದುಜ್ ಕೂಡ ಮೂರು ದಿನದಲ್ಲಿ ಮೊದಲ ಸಲ ತುಟಿ ಬಿಗಿಹಿಡಿದು ನಗು ತಡೆದಳು.

"ಹದಿನಾಲ್ಕು ಗಂಟೆ ವ್ಯಾನು! ನನ್ನ ಹಸುವಿನ ಕೆಚ್ಚಲು! ಓದಕ್ಕೆ ಏನಾಗಿತ್ತು ನಿನಗೆ, ಮುದುಕಾ?"

"ಕನ್ನಡಕ ಎಲ್ಲೋ ಇಟ್ಟಿದ್ದೆ," ಎಂದ ಸಾಪಾರ್ ಸಣ್ಣ ದನಿಯಲ್ಲಿ, ಸೌದೆ ತರುವ ನೆಪದಲ್ಲಿ ಎದ್ದು ಹೋದ.

ಅಂದೇ ಜಿಪಾರ್ ಮೆದೆರನ ವಕೀಲರಿಗೆ ಫೋನು ಮಾಡಿದಳು. ರಸ್ತೆ ಬಂದ್ ಆಗಿರುವುದರಿಂದ ಸಾಕ್ಷಿಯನ್ನು ವಿಡಿಯೊ ಮೂಲಕ ಕೇಳಬೇಕೆಂದು ವಕೀಲರು ಕಂಪ್ಯೂಟರಿನಲ್ಲೇ ಅರ್ಜಿ ಹಾಕಿದರು. ಬುಧವಾರ ಮಧ್ಯಾಹ್ನ ಸಾಪಾರ್‌ನ ಫೋನು ಸದ್ದು ಮಾಡಿತು. ಈ ಸಲ ಅವನು ಕನ್ನಡಕ ಹಾಕಿಕೊಂಡು, ಅಕ್ಷರ ಅಕ್ಷರ ಬಿಡಿಸಿ, ಮೂರು ಸಲ ಓದಿದ. ನಾಳೆ ಹತ್ತು ಗಂಟೆಗೆ, ತಾಲ್ಲೂಕು ಕೋರ್ಟು, ಗುರುತಿನ ಚೀಟಿ ತರಬೇಕು.

"ತಾಲ್ಲೂಕು ಕೋರ್ಟಿಗೆ ಫೋನು ಮಾಡಿ ನಿಜಾನಾ ಅಂತ ಕೇಳು," ಎಂದಳು ಬುರುಲ್ಚಾ. ಜಿಪಾರ್ ಕೇಳಿದಳು. ನಿಜವೇ.

ಗುರುವಾರ ಅವರು ನಾಲ್ವರೂ ಪಕ್ಕದ ಮನೆಯವನ ಜೀಪಿನಲ್ಲಿ ಇಳಿದು ಹೋದರು. ಬುರುಲ್ಚಾ ಮದುವೆಗೆ ಉಡುವ ವೆಲ್ವೆಟ್ ಮೇಲಂಗಿ ತೊಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಪಿಸುಗುಡುತ್ತಿದ್ದಳು: "ಹನ್ನೊಂದು ಗಂಟೆಗೆ ಬಂದ, ಹೊತ್ತು ಮುಳುಗಿದ ಮೇಲೆ ಹೋದ."

ಕೋರ್ಟಿನ ಆ ಕೋಣೆ ಚಿಕ್ಕದು. ಒಂದು ಮೇಜು, ಕುರ್ಚಿ, ಗೋಡೆಯ ಮೇಲೆ ಅಗಲವಾದ ಪರದೆ. ಗುಮಾಸ್ತ ಅವಳ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡು ಕೂರಿಸಿದ. ಸಾಪಾರ್ ಹೊರಗೆ ಪಡಸಾಲೆಯಲ್ಲಿ ಉಳಿದ. ಕುಂದುಜ್‌ಗೆ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಸಿಕ್ಕಿತು, ಜಿಪಾರ್ ಅವಳ ಪಕ್ಕ ಕುಳಿತಳು.

ಪರದೆ ಬೆಳಗಿತು. ಮೂರು ಚೌಕ. ಒಂದರಲ್ಲಿ ನಗರದ ಕೋರ್ಟು: ಕಪ್ಪು ನಿಲುವಂಗಿ ತೊಟ್ಟ ನ್ಯಾಯಾಧೀಶೆ, ಒಂದು ಬದಿಗೆ ಸರ್ಕಾರಿ ವಕೀಲ, ಇನ್ನೊಂದು ಬದಿಗೆ ಮೆದೆರನ ವಕೀಲರು. ಇನ್ನೊಂದರಲ್ಲಿ ಬುರುಲ್ಚಾ ತಾನೇ ಇದ್ದಳು. ಬೆಚ್ಚಿ ತಲೆವಸ್ತ್ರ ಸರಿಮಾಡಿಕೊಂಡಳು. ಮೂರನೆಯದರಲ್ಲಿ ಬರಿಗೋಡೆಯ ಕೋಣೆ, ಒಂದು ಸ್ಟೂಲಿನ ಮೇಲೆ ಮೆದೆರ್. ಅವನನ್ನು ಜೈಲಿನಿಂದಲೇ ತೋರಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಂದುಜ್ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಅಯ್ಯೋ, ಏನೋ ಮಗನೇ ಹೀಗೆ ಸೊರಗಿಹೋಗಿದೀಯ!" ಎಂದುಬಿಟ್ಟಳು ಬುರುಲ್ಚಾ.

"ತಾಯಿ, ಆರೋಪಿಯ ಜೊತೆ ಮಾತಾಡುವಂತಿಲ್ಲ," ಎಂದರು ನ್ಯಾಯಾಧೀಶೆ. ಗದರಲಿಲ್ಲ. "ನನ್ನ ಮಾತು ನಿಮಗೆ ಕೇಳಿಸ್ತಾ ಇದೆಯಾ?"

"ಕೇಳಿಸ್ತಾ ಇದೇ!" ಎಂದು ಬುರುಲ್ಚಾ ಆಚೆ ಬೆಟ್ಟದಲ್ಲಿ ಕುದುರೆ ಮೇಯಿಸುತ್ತಿರುವವನನ್ನು ಕೂಗುವ ಹಾಗೆ ಕೂಗಿದಳು. ಗುಮಾಸ್ತ ಕಿವಿ ಮುಚ್ಚಿಕೊಂಡು, "ಮೆಲ್ಲಗೆ ಅಂದ್ರೂ ಸಾಕು ಎಜೆ," ಎಂದ.

ಪ್ರಮಾಣ ಆಯಿತು. ಅವಳು ಹೇಳಬೇಕಾದ್ದನ್ನು ಹೇಳಿದಳು. ಲಾರಿ ಬಂದದ್ದು, ಪೈಪು ಸೋರಿದ್ದು, ಅವನು ನಾಲ್ಕು ಬಟ್ಟಲು ಕಿಮಿಜ್ ಕುಡಿದದ್ದು, ಹೊತ್ತು ಮುಳುಗಿದ ಮೇಲೆ ಹೋದದ್ದು. ಸರ್ಕಾರಿ ವಕೀಲ ಎದ್ದು ನಿಂತ.

"ನೀವು ಹೇಳೋದೆಲ್ಲ ನಿಜ ಅಂತಾನೇ ಇಟ್ಕೊಳ್ಳೋಣ. ಆದ್ರೆ ಕುದುರೆ ಕಳ್ಳತನ ಆಗಿದ್ದು ಆಗಸ್ಟ್ ಇಪ್ಪತ್ತಾರು. ಇವನು ನಿಮ್ಮ ಡೇರೆಗೆ ಬಂದಿದ್ದು ಇಪ್ಪತ್ತಾರೇ ಅಂತ ಹೇಗೆ ಹೇಳ್ತೀರಿ? ಇಪ್ಪತ್ತೈದು ಯಾಕಾಗಿರಬಾರದು? ಇಪ್ಪತ್ತೇಳು?"

ಬುರುಲ್ಚಾ ಬೆರಳು ಮಡಚಿ ದಿನ ಎಣಿಸಲು ನೋಡಿದಳು. ಬೆಟ್ಟದ ಮೇಲೆ ತಾರೀಖು ಎಂಬುದು ಯಾರಿಗೂ ಇಲ್ಲ. ಬೆಳಗಾಗುತ್ತದೆ, ಹಾಲು ಕರೆಯುತ್ತಾರೆ. ಅವಳು ಮೆದೆರನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ್ದ.

"ನಾನು... ಆ ದಿನ..." ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

"ನೋಡಿದ್ಯಾ! ನಾನು ಹೇಳಿರಲಿಲ್ವಾ!" ಎಂದು ಬುರುಲ್ಚಾ ಕುರ್ಚಿಯಿಂದ ಅರ್ಧ ಎದ್ದಳು. "ನುಂಗಿಬಿಡ್ತು!"

"ಕರೆಂಟು ಹೋಯ್ತು ಅಷ್ಟೆ, ಜನರೇಟರ್ ಹಾಕ್ತಾರೆ. ಯಾರೂ ಸಾಕ್ಷಿ ಜೊತೆ ಮಾತಾಡಬೇಡಿ," ಎಂದು ಗುಮಾಸ್ತ ತಂತಿಗಳ ಕಡೆ ಓಡಿದ.

ಕತ್ತಲ ಪರದೆಯ ಮುಂದೆ ಅವಳು ಒಬ್ಬಳೇ ಕುಳಿತಳು. ಆ ದಿನವನ್ನು ಮತ್ತೆ ಮೊದಲಿನಿಂದ ನೆನೆಸಿಕೊಂಡಳು. ಸಾಪಾರ್ ಇರಲಿಲ್ಲ, ಮೇಲೆ ಕುರಿ ಮಂದೆಯ ಜೊತೆ ಹೋಗಿದ್ದ. ಕೈಗೆ ಒಬ್ಬ ಗಂಡಸಿಲ್ಲವಲ್ಲ ಎಂದು ಆ ದಿನ ಪೇಚಾಡಿದ್ದಳಲ್ಲ, ಯಾತಕ್ಕೆ? ಬೂದು ಬಣ್ಣದ ಗಂಡು ಕುದುರೆಯನ್ನು ಹಿಡಿಯಲು ಆಗಿರಲಿಲ್ಲ. ಲಾರಿಯ ಕೆಳಗಿನಿಂದ ಮೆದೆರ್ ಎದ್ದು ಬಂದು, ಗ್ರೀಸು ಮೆತ್ತಿದ ಕೈಯಲ್ಲೇ ಅದರ ಮೂತಿ ಹಿಡಿದಿದ್ದ. ಹಿಡಿದದ್ದು ಯಾತಕ್ಕೆ? ಸೂಜಿ ಚುಚ್ಚುವುದಕ್ಕೆ!

ಮೂರು ನಿಮಿಷಕ್ಕೆ ಪರದೆ ಬೆಳಗಿತು. ಮೂರು ಚೌಕವೂ ಇದ್ದಲ್ಲೇ ಇದ್ದವು. "ಕ್ಷಮಿಸಿ, ಪ್ರಶ್ನೆ ಮತ್ತೆ ಕೇಳಿ," ಎಂದರು ನ್ಯಾಯಾಧೀಶೆ. ಆದರೆ ಬುರುಲ್ಚಾ ಪ್ರಶ್ನೆಗೆ ಕಾಯಲಿಲ್ಲ.

"ಆ ದಿನ ಪಶು ಡಾಕ್ಟರು ಬಂದಿದ್ರು ಕಣಮ್ಮಾ! ನನ್ನ ಕುದುರೆಗಳಿಗೆಲ್ಲ ಲಸಿಕೆ ಹಾಕಿದ್ರು. ಬೂದು ಕುದುರೇನ ಹಿಡಿದಿದ್ದೇ ಈ ಹುಡುಗ. ಡಾಕ್ಟರು ಪುಸ್ತಕದಲ್ಲಿ ತಾರೀಖು ಬರೆದು ಸೀಲು ಹೊಡೆದಿದ್ದಾರೆ. ನಾನು ತಾರೀಖು ಮರೀಬಹುದು, ಸೀಲು ಮರೆಯುತ್ತಾ?"

"ಆ ಪುಸ್ತಕ ಎಲ್ಲಿದೆ?"

"ಎಲ್ಲಿರುತ್ತೆ? ನನ್ನ ಗಂಡನ ಜೇಬಿನಲ್ಲಿ. ಹಲ್ಲು ಕೀಳಿಸೋಕೆ ಹೋದ್ರೂ ಮನೆ ಕಾಗದ ಎಲ್ಲ ಎದೆಗೆ ಅವಚ್ಕೊಂಡೇ ಹೋಗೋ ಮನುಷ್ಯ ಅವನು."

ನ್ಯಾಯಾಧೀಶರ ಅನುಮತಿ ಪಡೆದು ಗುಮಾಸ್ತ ಪಡಸಾಲೆಗೆ ಹೋದ. ಕುರಿ ಚರ್ಮದ ಕೋಟಿನ ಒಳಜೇಬಿನಿಂದ ಸಾಪಾರ್ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗಿಂದ ಒಂದು ಬಟ್ಟೆ, ಬಟ್ಟೆಯೊಳಗಿಂದ ಮಡಿಸಿದ ಪುಸ್ತಕ ತೆಗೆದುಕೊಟ್ಟ. ಗುಮಾಸ್ತ ಅದನ್ನು ಯಂತ್ರದ ಮೇಲಿಟ್ಟು ಸ್ಕ್ಯಾನ್ ಮಾಡಿದ. ಅವನು ಮುಚ್ಚಳ ತೆಗೆಯುವಷ್ಟರಲ್ಲಿ, ಏಳು ಗಂಟೆ ದೂರದ ನಗರದಲ್ಲಿ ನ್ಯಾಯಾಧೀಶೆ ಅದೇ ಪುಟವನ್ನು ತಮ್ಮ ಕಂಪ್ಯೂಟರಿನಲ್ಲಿ ಓದುತ್ತಿದ್ದರು. ಆಗಸ್ಟ್ ಇಪ್ಪತ್ತಾರು. ಒಂಬತ್ತು ಕುದುರೆ. ಸಹಿ, ದುಂಡು ಸೀಲು.

ಸರ್ಕಾರಿ ವಕೀಲ, ಆ ಡಾಕ್ಟರನ್ನೂ ಕೇಳಬೇಕು ಎಂದ. ಕೇಳುವುದು ಸರಿಯೇ. ಪಶು ಆಸ್ಪತ್ರೆ ಆ ಕೋರ್ಟಿನಿಂದ ಎರಡು ಕಟ್ಟಡದ ಆಚೆ. ಮೊದಲಾಗಿದ್ದರೆ ಅದಕ್ಕೊಂದು ಸಮನ್ಸು, ಇನ್ನೊಂದು ವಾಯಿದೆ, ಇನ್ನೊಂದು ತಿಂಗಳು. ಅಂದು ಊಟದ ಬಿಡುವು ಮುಗಿಯುವಷ್ಟರಲ್ಲಿ ಡಾಕ್ಟರ್ ಶಾರ್ಶೆನ್ ರಬ್ಬರ್ ಬೂಟಿನಲ್ಲೇ ಬಂದು ಅದೇ ಕುರ್ಚಿಯಲ್ಲಿ ಕುಳಿತ. ಪ್ರಮಾಣ ಮಾಡಿ, ಪರದೆಯ ಮೇಲಿದ್ದ ಮೆದೆರನನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಇವನೇ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ತನಕ ನಾನಲ್ಲಿದ್ದೆ. ಆ ಬೂದು ಕುದುರೆ ನನ್ನ ತೊಡೆಗೆ ಒದ್ದು ಹದಿನೈದು ದಿನ ಕುಂಟಿದೀನಿ. ಇವನು ಹಿಡೀದೆ ಇದ್ದಿದ್ರೆ ತಲೆಗೇ ಒದೀತಿತ್ತು. ಮರೆಯೋ ಮುಖಾನಾ ಇದು?"

ಕುದುರೆ ಕಳುವಾದದ್ದು ಮೂರು ಗಂಟೆಗೆ, ಘಾಟಿಯ ಆಚೆ. ಲೆಕ್ಕ ಎಲ್ಲರಿಗೂ ಅರ್ಥವಾಯಿತು.

ನ್ಯಾಯಾಧೀಶೆ ಸ್ವಲ್ಪ ಹೊತ್ತು ಬರೆದರು. ಕೊನೆಯ ತೀರ್ಪು ಮುಂದಿನ ವಾರ ಕೊಡುತ್ತೇನೆ, ಆದರೆ ಅಲ್ಲಿಯ ತನಕ ಈ ಮನುಷ್ಯನನ್ನು ಒಳಗಿಡಲು ಕಾರಣವೇ ಕಾಣುತ್ತಿಲ್ಲ, ಕರೆದಾಗ ಬರುತ್ತೇನೆಂದು ಬರೆದುಕೊಡಿಸಿಕೊಂಡು ಇವತ್ತೇ ಬಿಡಿ ಎಂದರು.

ಮೆದೆರ್ ಎರಡು ಕೈಯಿಂದ ಮುಖ ಮುಚ್ಚಿಕೊಂಡ. ಹಿಂದಿನ ಬೆಂಚಿನಲ್ಲಿ ಕುಂದುಜ್ ಕೊನೆಗೂ ಅತ್ತಳು. ಜೋರಾಗಿ, ಮೂಗು ಸೋರುವ ಹಾಗೆ ಅತ್ತಳು. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

ಪಡಸಾಲೆಯಲ್ಲಿ ಬುರುಲ್ಚಾ ಗುಮಾಸ್ತನನ್ನು ಹಿಡಿದು ನಿಲ್ಲಿಸಿದಳು. ಅವಳಿಗೆ ಇನ್ನೂ ಒಂದು ಅನುಮಾನ. "ಇವತ್ತೇ ಬಿಡಿ ಅಂದ್ರು. ಆ ಕಾಗದ ಜೈಲಿಗೆ ಹೋಗೋದು ಯಾವಾಗ? ನಮ್ಮ ಪಿಂಚಣಿ ಕಾಗದ ಬರೋಕೇ ಎರಡು ತಿಂಗಳು ಆಗಿತ್ತು."

"ಆಗಲೇ ಹೋಗಿಯಾಯ್ತು ಎಜೆ. ನ್ಯಾಯಾಧೀಶರು ಕಂಪ್ಯೂಟರಿನಲ್ಲಿ ಸಹಿ ಹಾಕಿದ ಕೂಡಲೇ ಜೈಲಿನೋರಿಗೆ ಮುಟ್ಟುತ್ತೆ."

"ಇಷ್ಟು ಸುಲಭ ಇದ್ದಿದ್ರೆ ನನ್ನ ಎರಡು ಸಲ ಯಾಕೆ ಅಲೆಸಿದ್ರು?"

ಗುಮಾಸ್ತ ತಲೆ ಕೆರೆದುಕೊಂಡ. "ಯಾರೂ ಕೇಳಲಿಲ್ಲ, ಅದಕ್ಕೆ. ಈ ಪರದೆ ಹಾಕಿ ವರ್ಷ ಆಯ್ತು, ಧೂಳು ಒರೆಸೋದೇ ನನ್ನ ಕೆಲಸ ಆಗಿತ್ತು. ನೀವೇ ನೋಡಿ. ಹೋದ ಸಲ ಒಬ್ಬ ಕೈದೀನ ಕರ್ಕೊಂಡು ಬರೋಕೆ ಒಂದು ವ್ಯಾನು, ಮೂವರು ಪೊಲೀಸರು, ಒಂದು ದಿನದ ಡೀಸೆಲ್ಲು. ವ್ಯಾನು ಕೆಟ್ಟು ಎಲ್ಲಾ ದಂಡ. ಅದರ ಮೇಲೆ ತಪ್ಪು ಮಾಡದೋನಿಗೆ ಇನ್ನೊಂದು ತಿಂಗಳು ಜೈಲೂಟ, ಕಾವಲು. ಇದೆಲ್ಲಾ ಎಲ್ಲಿಂದ ಬರುತ್ತೆ? ನೀವು ಉಪ್ಪು ಕೊಂಡ್ರೂ ತೆರಿಗೆ ಕಟ್ತೀರಲ್ಲ, ಅಲ್ಲಿಂದಾನೇ. ಇವತ್ತು ಖರ್ಚಾಗಿದ್ದು ಒಂದಿಷ್ಟು ಕರೆಂಟು, ನಿಮ್ಮ ಜೀಪಿನ ಪೆಟ್ರೋಲು."

"ನಮ್ಮ ದುಡ್ಡಲ್ಲೇ ನನ್ನ ಸೊಂಟ ಮುರಿದ್ರು ಅನ್ನು," ಎಂದಳು ಬುರುಲ್ಚಾ. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ.

ಸಂಜೆ ಮನೆಯಲ್ಲಿ ಬುರುಲ್ಚಾ ಮಾಂಸದ ಸಾರು ಇಟ್ಟಿದ್ದಳು. ಐದು ಗಂಟೆಯ ಹೊತ್ತಿಗೆ ಕುಂದುಜ್‌ಳ ಫೋನಿನಲ್ಲಿ ಮೆದೆರನ ಮುಖ ಕಂಡಿತು. ಜೈಲಿನ ಬಾಗಿಲ ಹತ್ತಿರ ತಮ್ಮನ ಕಾರಿನಲ್ಲಿ ಕುಳಿತಿದ್ದ. ತೊಡೆಯ ಮೇಲೆ ಮಗಳು. ಮಗು ಅವನ ಗಡ್ಡವನ್ನು ಎಳೆದು ನೋಡುತ್ತಿತ್ತು, ನಿಜವೋ ಸುಳ್ಳೋ ಎಂದು.

"ಎಜೆ ಎಲ್ಲಿ? ಎಜೆಗೆ ಕೊಡು," ಎಂದ ಅವನು.

ಬುರುಲ್ಚಾ ಕೈ ಒರೆಸಿಕೊಂಡು ಬಂದು ಫೋನಿನ ಮುಂದೆ ಕುಳಿತಳು.

"ಪೈಪು ಸರಿಮಾಡಿಸ್ದ್ಯೇನೋ?" ಎಂದಳು.

"ಇಲ್ಲ ಎಜೆ. ಲಾರಿ ಇನ್ನೂ ಪೊಲೀಸ್ ಠಾಣೆಯಲ್ಲೇ ನಿಂತಿದೆ," ಎಂದು ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ರಸ್ತೆ ತೆರೆದ ದಿನ ಕುಂದುಜ್ ಹೊರಟಳು. ಮುಂದಿನ ವಾರ ಮೆದೆರ್ ನಿರಪರಾಧಿ ಎಂದು ತೀರ್ಪಾಯಿತು. ಆ ಸುದ್ದಿಯನ್ನು ಮೊದಲು ಓದಿದ್ದು ಸಾಪಾರ್, ಕನ್ನಡಕ ಹಾಕಿಕೊಂಡು. ಅದಾದ ಮೇಲೆ ಅವನು ಜಿಪಾರ್‌ಳ ಕಚೇರಿಗೆ ಹೋಗಿ, ಕೋರ್ಟಿನ ಮೆಸೇಜು ತಪ್ಪದೆ ಬರಲಿ ಎಂದು ತನ್ನ ನಂಬರು, ಹೆಂಡತಿಯ ನಂಬರು ಎರಡನ್ನೂ ಬರೆಸಿದ. ಅವನ ಹಿಂದೆ ನಿಂತಿದ್ದ ಪಕ್ಕದ ಮನೆಯ ಮುದುಕ, "ನಮಗ್ಯಾಕಪ್ಪಾ ಕೋರ್ಟಿನ ಉಸಾಬರಿ, ನಾವೇನು ಕಳ್ಳರಾ?" ಎಂದ.

ಬುರುಲ್ಚಾ ಬಾಗಿಲಲ್ಲಿದ್ದಳು. "ಮೆದೆರ್ ಏನು ಕಳ್ಳನಾಗಿದ್ನಾ?" ಎಂದಳು. ಮುದುಕ ಜೇಬಿನಿಂದ ಫೋನು ತೆಗೆದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲೂ ಯಾರೋ ಒಬ್ಬರು ಯಾವುದೋ ಕೇಸಿನಲ್ಲಿ ಸಾಕ್ಷಿ ಇರಬಹುದು. ಪೊಲೀಸರಿಗೆ, ಕೋರ್ಟಿಗೆ ನೀವು ಕೊಟ್ಟ ನಂಬರು ಈಗಲೂ ಅದೇನಾ, ನೋಡಿಕೊಳ್ಳಿ. ಬಂದ ಮೆಸೇಜು ಓದದೆ ಅಳಿಸಬೇಡಿ. ಅನುಮಾನವಿದ್ದರೆ ಆ ನಂಬರಿಗೇ ತಿರುಗಿ ಫೋನು ಮಾಡದೆ, ಹತ್ತಿರದ ಕೋರ್ಟಿಗೋ ಕಚೇರಿಗೋ ಹೋಗಿ ವಿಚಾರಿಸಿ. ದುಡ್ಡು, ಗುಟ್ಟಿನ ನಂಬರು ಕೇಳಿದರೆ ಅದು ಕೋರ್ಟಲ್ಲ. ದೂರದ ಊರಿಗೆ ಹೋಗಲು ಆಗದಿದ್ದರೆ, "ವಿಡಿಯೊದಲ್ಲಿ ಹೇಳಬಹುದಾ?" ಎಂದು ವಕೀಲರನ್ನು ಕೇಳಿ; ಕೇಳುವುದಕ್ಕೆ ನಾಚಿಕೆ ಬೇಡ. ತಾರೀಖು ಇರುವ ಚೀಟಿ, ರಸೀದಿ, ಲಸಿಕೆ ಪುಸ್ತಕ ಏನಿದ್ದರೂ ಜೊತೆಗೆ ಒಯ್ಯಿರಿ. ನಿಮ್ಮ ಒಂದು ದಿನ ಉಳಿಯುತ್ತದೆ, ನೀವೇ ಕಟ್ಟಿದ ತೆರಿಗೆಯ ಹಣ ಶಾಲೆಗೋ ಆಸ್ಪತ್ರೆಗೋ ಉಳಿಯುತ್ತದೆ.

ಮತ್ತು ಎಲ್ಲೋ ಒಂದು ಮನೆಯಲ್ಲಿ, ಅಪ್ಪ ಯಾವ ಊರಿಗೆ ಹೋಗಿದ್ದಾನೆ ಎಂದು ದಿನವೂ ಕೇಳುವ ಮಗುವಿಗೆ, ಅಪ್ಪನೇ ಬಂದು ಉತ್ತರ ಹೇಳುತ್ತಾನೆ. ಇವತ್ತೇ ಹತ್ತಿರದ ಕೋರ್ಟಿಗೋ ಕಚೇರಿಗೋ ಹೋಗಿ ನಿಮ್ಮ ನಂಬರು ಬರೆಸಿ.